ತಲೆಯೆತ್ತಿ ನೋಡಿದ ಮುಂಬಯಿ

ಮುಂಬಯಿಗೆ ಬಂದವರು ಮೊದಲು ಕಲಿಯುವ ವಿದ್ಯೆ ನೆಲ ನೋಡಿಕೊಂಡು ಬಿರುಸಾಗಿ ನಡೆಯುವುದು. ಎದುರಿನವರ ಹೆಗಲು ತಾಗಬಾರದು, ಫುಟ್‌ಪಾತಿನ ಒಡೆದ ಕಲ್ಲಿಗೆ ಎಡವಬಾರದು, ಹಿಡಿಯಬೇಕಾದ ಲೋಕಲ್ ತಪ್ಪಬಾರದು. ಈ ಮೂರು 'ಬಾರದು'ಗಳನ್ನು ತಪ್ಪದೆ ಪಾಲಿಸುತ್ತ ನಾವು ನಾಲ್ವರು ಮಿತ್ರರು ಫೋರ್ಟ್ ವಿಭಾಗದ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಹದಿನೆಂಟು ವರ್ಷ ಕಳೆದೆವು. ಕಡತಗಳ ಪುಟಸಂಖ್ಯೆ ತಪ್ಪಿದರೆ ಕೂಡಲೇ ಕಂಡುಹಿಡಿಯುವ ನಮಗೆ, ದಿನವೂ ಯಾವ ಕಟ್ಟಡದ ನೆರಳಿನಲ್ಲಿ ನಡೆಯುತ್ತಿದ್ದೇವೆಂಬುದು ತಿಳಿದಿರಲಿಲ್ಲ.

ನಮ್ಮ ಕಣ್ಣು ತೆರೆಸಿದವಳು ಏಳನೆಯ ತರಗತಿಯ ಒಬ್ಬ ಹುಡುಗಿ. ಸಂಘದ ಮಕ್ಕಳ ಬೇಸಿಗೆ ಶಿಬಿರದಲ್ಲಿ ಕರ್ನಾಟಕದ ವಾಸ್ತುಶಿಲ್ಪದ ಬಗ್ಗೆ ನಾಲ್ಕು ಮಾತು ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಬೇಲೂರು, ಹಂಪೆ, ವಿಜಾಪುರ ಎಂದೆಲ್ಲ ಚಿತ್ರ ತೋರಿಸಿ ಮುಗಿಸಿದಾಗ ಅವಳು ಎದ್ದು ನಿಂತು, "ಅಂಕಲ್, ಇದೆಲ್ಲಾ ಅಲ್ಲಿಯದಾಯಿತು. ನಾವು ಇರುವ ಮುಂಬಯಿಯಲ್ಲಿ ಕನ್ನಡದವರದ್ದು ಹೋಟೆಲು ಬಿಟ್ಟರೆ ಬೇರೆ ಏನಿದೆ?" ಎಂದಳು. ಸಭೆ ನಕ್ಕಿತು. ನಾವೂ ನಕ್ಕೆವು. ಆದರೆ ಉತ್ತರ ಹೊಳೆಯಲಿಲ್ಲ. ಮರುದಿನದಿಂದ ಅರ್ಧ ಗಂಟೆಯ ಊಟದ ವಿರಾಮದಲ್ಲಿ ಹತ್ತು ನಿಮಿಷಕ್ಕೆ ಡಬ್ಬಿ ಮುಗಿಸಿ, ಉಳಿದ ಇಪ್ಪತ್ತು ನಿಮಿಷ ತಲೆಯೆತ್ತಿ ನಡೆಯುವುದೆಂದು ತೀರ್ಮಾನಿಸಿದೆವು. ರವಿವಾರಗಳಂದು ಗಿರಣಿ ಪ್ರದೇಶಕ್ಕೂ ಹೋಗತೊಡಗಿದೆವು. ಒಂದು ವರ್ಷದ ಆ ತಿರುಗಾಟದಲ್ಲಿ ಕಂಡದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಅಂಚೆಯ ಮನೆಯ ಮೇಲೆ ಗೋಲಗುಂಬಜ

ಮೊದಲ ದಿನವೇ ಅಚ್ಚರಿ ಕಾದಿತ್ತು. ಜನರಲ್ ಪೋಸ್ಟ್ ಆಫೀಸಿನ ಎದುರು ಪಾರಿವಾಳಗಳ ಗಲಾಟೆಯ ನಡುವೆ ನಿಂತು ಮೇಲೆ ನೋಡಿದ ನಮ್ಮ ಉತ್ತರ ಕರ್ನಾಟಕದ ಮಿತ್ರರು, "ಅಲ್ರೀ, ಇದು ನಮ್ಮ ಗೋಲಗುಂಬಜ್ ಅಲ್ಲೇನ್ರಿ!" ಎಂದು ಕೂಗಿದರು. ಅವರ ಕೂಗಿಗೆ ಪಾರಿವಾಳಗಳು ಹಾರಿದವು. ಆದರೆ ಮಾತು ನಿಜ. 1904ರಲ್ಲಿ ಕೆಲಸ ಆರಂಭವಾಗಿ 1913ರಲ್ಲಿ ಮುಗಿದ ಈ ಕಟ್ಟಡವನ್ನು ರೂಪಿಸಿದವರು ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ. ಅದರ ನಡುಗುಮ್ಮಟಕ್ಕೆ ಅವರು ಮಾದರಿಯಾಗಿ ಇಟ್ಟುಕೊಂಡದ್ದು ವಿಜಾಪುರದ ಗೋಲಗುಂಬಜವನ್ನು.

ಗೋಲಗುಂಬಜ ಮಹಮ್ಮದ್ ಆದಿಲಶಾಹನ ಸಮಾಧಿ. 1656ರ ಹೊತ್ತಿಗೆ ಮುಗಿದ ಆ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಚೌಕವಾದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಸುಲಭವಲ್ಲ. ನಾಲ್ಕು ಮೂಲೆಗಳು ಬರಿದಾಗಿ ಉಳಿಯುತ್ತವೆ. ವಿಜಾಪುರದ ಕುಶಲಿಗಳು ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳನ್ನು ಹೆಣೆದು, ಚೌಕವನ್ನು ಮೇಲೇರಿದಂತೆ ಎಂಟು ಮೂಲೆಯಾಗಿಸಿ, ಅದರ ಮೇಲೆ ವೃತ್ತವನ್ನಿಟ್ಟರು. ಕಮಾನುಗಳ ಈ ಹೆಣಿಗೆ ಗುಮ್ಮಟದ ಹೊರನೂಕುವ ಭಾರವನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಹೀಗಾಗಿ ನಡುವೆ ಒಂದು ಕಂಬವೂ ಬೇಕಾಗಲಿಲ್ಲ.

ಮುಂಬಯಿಯ ಅಂಚೆಮನೆಯ ಗುಮ್ಮಟ ಅದಕ್ಕಿಂತ ಬಹಳ ಚಿಕ್ಕದು; ವ್ಯಾಸ ಸುಮಾರು 65 ಅಡಿ. ಪಿಸುಮಾತಿನ ಪರೀಕ್ಷೆ ಮಾಡಿಯೇಬಿಡೋಣವೆಂದು ಒಳಗೆ ಹೋಗಿ ನಿಂತೆವು. ಠಪ್ಪೆ ಹೊಡೆಯುವ ಸದ್ದು, "ಚಿಲ್ಲರೆ ಕೊಡಿ" ಎಂಬ ಗದರಿಕೆ, ಸ್ಪೀಡ್ ಪೋಸ್ಟಿನ ಸಾಲಿನ ಗುಜುಗುಜು ಇವೆಲ್ಲದರ ನಡುವೆ ನಮ್ಮ ಪಿಸುಮಾತು ನಮಗೇ ಕೇಳಿಸಲಿಲ್ಲ. ಸರಿ, ಹತ್ತು ರೂಪಾಯಿಯ ಅಂಚೆಚೀಟಿ ಕೊಂಡು ಹೊರಬಂದೆವು.

ವಿಜಾಪುರದ ಗುಮ್ಮಟ ಮುಂಬಯಿಗೆ ಬಂದದ್ದಾದರೂ ಹೇಗೆ? ಕಾರಣ ಸರಳ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಇಲ್ಲಿಗೆ ಸೇರಿತು. 1956ರವರೆಗೂ ಆ ನೆಲದ ರಾಜಧಾನಿ ಮುಂಬಯಿಯೇ. ಗೋಲಗುಂಬಜದ ಅಳತೆಯ ನಕ್ಷೆಗಳನ್ನು ಸರಕಾರದ ಎಂಜಿನಿಯರುಗಳು ಆಗಲೇ ಸಿದ್ಧಪಡಿಸಿದ್ದರು; ವಿಜಾಪುರದ ವಾಸ್ತುಶಿಲ್ಪದ ಮೇಲೆ ದೊಡ್ಡ ಗ್ರಂಥವೊಂದು 1866ರಲ್ಲಿಯೇ ಹೊರಬಂದಿತ್ತು. 1885ರಲ್ಲಿ ಜಿಲ್ಲೆಯ ಮುಖ್ಯ ಕಚೇರಿಗಳು ಕಲಾದಗಿಯಿಂದ ವಿಜಾಪುರಕ್ಕೆ ಬಂದಾಗ ಆದಿಲಶಾಹಿ ಅರಮನೆಗಳಲ್ಲೇ ಗುಮಾಸ್ತರ ಮೇಜುಗಳನ್ನು ಹಾಕಿದ್ದರಂತೆ. ನಮ್ಮ ವೃತ್ತಿಬಾಂಧವರಿಗೆ ಅಷ್ಟು ಒಳ್ಳೆಯ ಕಚೇರಿ ಮುಂದೆಂದೂ ಸಿಕ್ಕಿರಲಾರದು!

1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕಾಲಕ್ಕೆ ಹಳೆಯ ಕೋಟೆಗೋಡೆಗಳನ್ನು ಕೆಡವಿದ ಮೇಲೆ ಮುಂಬಯಿಯಲ್ಲಿ ಎದ್ದ ಸರಕಾರಿ ಕಟ್ಟಡಗಳದು ಗಾಥಿಕ್ ಶೈಲಿ. ಚೂಪು ಕಮಾನು, ಎತ್ತರದ ಶಿಖರ. ಇಪ್ಪತ್ತನೆಯ ಶತಮಾನ ಹುಟ್ಟುವಾಗ ಆಳುವವರಿಗೆ ಈ ನೆಲದ ವೇಷವೂ ಬೇಕೆನಿಸಿತು. ಬೆಗ್ ಅವರ ಸಹಾಯಕರಾಗಿದ್ದ ಜಾರ್ಜ್ ವಿಟೆಟ್ ಮುಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಕಟ್ಟಿದರು. ಈಗ ಅದು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. 1922ರಲ್ಲಿ ತೆರೆದ ಆ ಕಟ್ಟಡದ ಒಳಗೆ ಗುಮ್ಮಟವನ್ನು ಹೊತ್ತ ಕಮಾನುಗಳ ಹೆಣಿಗೆಯೂ ಗೋಲಗುಂಬಜದ್ದೇ. ಮೊನ್ನೆಮೊನ್ನೆಯವರೆಗೆ ನಾವು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಸತ್ತ ಹುಲಿ, ಹಳೆಯ ಕತ್ತಿ ತೋರಿಸಿ ಮರಳಿದವರು. ನಡುಮನೆಯಲ್ಲಿ ನಿಂತು ಒಮ್ಮೆ ಮೇಲೆ ನೋಡಿದ್ದರೆ ವಿಜಾಪುರಕ್ಕೇ ಹೋಗಿಬಂದಂತಾಗುತ್ತಿತ್ತು.

ಹೆಸರಿಲ್ಲದ ಉಳಿಗಳು

ಅಂಚೆಮನೆಯ ನೆರೆಯಲ್ಲೇ ನಾವು ಇಂದಿಗೂ ಬಾಯಿತಪ್ಪಿ 'ವೀಟಿ' ಎನ್ನುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಇದೆ. 1853ರ ಏಪ್ರಿಲ್ 16ರಂದು ಠಾಣೆಗೆ ಮೊದಲ ರೈಲು ಹೊರಟ ಬೋರಿಬಂದರ್ ಇದೇ ಜಾಗ. ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ ಈಗಿನ ಕಟ್ಟಡದ ಕೆಲಸ 1878ರಲ್ಲಿ ಮೊದಲಾಗಿ ಸುಮಾರು ಹತ್ತು ವರ್ಷ ನಡೆಯಿತು. ಸೀತಾರಾಮ ಖಂಡೇರಾವ್ ಅವರ ಸಹಾಯಕ ಎಂಜಿನಿಯರರಾಗಿದ್ದರು. 2004ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿ ಸೇರಿತು.

ಪ್ರವೇಶದ್ವಾರದ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಸಿಂಹ ಬ್ರಿಟನ್ನಿನದು, ಹುಲಿ ಭಾರತದ್ದು. ಗುಮ್ಮಟದ ತುದಿಯಲ್ಲಿ ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ಗಾಲಿ ಹಿಡಿದ ಸ್ತ್ರೀ 'ಪ್ರಗತಿ'. ಗಡಿಯಾರದ ಕೆಳಗಿನ ಗೂಡು ಮಾತ್ರ ಖಾಲಿ. ಅಲ್ಲಿದ್ದ ವಿಕ್ಟೋರಿಯಾ ರಾಣಿಯ ವಿಗ್ರಹವನ್ನು ಸ್ವಾತಂತ್ರ್ಯಾನಂತರ ತೆಗೆದರು. ಇವೆಲ್ಲ ದೂರದಿಂದಲೇ ಕಾಣುವಂಥವು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಸಣ್ಣ ಕೆಲಸಗಳು. ಕಂಬದ ತಲೆಯ ಎಲೆಗಳ ನಡುವೆ ಇಣುಕುವ ಅಳಿಲು, ಕಿಟಕಿಯ ಮೇಲೆ ಗರಿ ಬಿಚ್ಚಿದ ನವಿಲು, ಮಳೆನೀರು ಉಗುಳಲು ಗೋಡೆಯಿಂದ ಮುಂದೆ ಚಾಚಿದ ಪ್ರಾಣಿಗಳ ಮುಖ. ಇವನ್ನು ಕೆತ್ತಿದವರು ಇಲ್ಲೇ ಹತ್ತಿರದ ಜೆ. ಜೆ. ಕಲಾಶಾಲೆಯ ನಮ್ಮ ದೇಶದ ವಿದ್ಯಾರ್ಥಿಗಳು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಶಿಲ್ಪದ ಬುಡದಲ್ಲಿ ಹೆಸರು ಬಿಟ್ಟುಹೋದರು. ಹೊಯ್ಸಳರ ಮಲ್ಲಿತಮ್ಮನ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ವೀಟಿಯ ಅಳಿಲನ್ನು ಕೆತ್ತಿದ ಹುಡುಗ ಯಾರೋ, ಯಾವ ಊರವನೋ ಹೆಸರು ಹಾಕಲಿಲ್ಲ.

ತಮಾಷೆಗೂ ಕೊರತೆಯಿಲ್ಲ. 1878ರಲ್ಲಿ ಮುಗಿದ ಉಚ್ಚ ನ್ಯಾಯಾಲಯದ ಕಂಬವೊಂದರ ತಲೆಯ ಮೇಲೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಕೋತಿ ನ್ಯಾಯದ ತಕ್ಕಡಿ ಹಿಡಿದು ಕುಳಿತಿದೆ. ಇನ್ನೊಂದೆಡೆ ವಕೀಲರ ಕೊರಳಪಟ್ಟಿ ತೊಟ್ಟ ನರಿ. ಬಾಕಿ ಹಣದ ಜಗಳದಲ್ಲಿ ಸೋತ ಗುತ್ತಿಗೆದಾರನೊಬ್ಬ ಹೀಗೆ ಸೇಡು ತೀರಿಸಿಕೊಂಡನೆಂದು ಕತೆ ಹೇಳುತ್ತಾರೆ. ಕತೆ ಹೇಗೇ ಇರಲಿ, ಕೋತಿಯಂತೂ ಇದೆ.

ಹತ್ತಿಯ ಗೋಪುರ

ನ್ಯಾಯಾಲಯದ ನೆರೆಯ ವಿಶ್ವವಿದ್ಯಾಲಯದ ಆವರಣದಲ್ಲಿ ರಾಜಾಬಾಯಿ ಗೋಪುರ, 280 ಅಡಿ ಎತ್ತರ. ಕಟ್ಟಿಸಲು ಹಣ ಕೊಟ್ಟವರು ಹತ್ತಿಯ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ಹೆಸರು ಅವರ ತಾಯಿಯದು. ಅಮೆರಿಕದ ಅಂತರ್ಯುದ್ಧ (1861–65) ಅಲ್ಲಿನ ಹತ್ತಿಯ ದಾರಿ ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳು ಮುಂಬಯಿಯತ್ತ ತಿರುಗಿದವು. ಬೆಲೆ ಗಗನಕ್ಕೇರಿತು. ಯುದ್ಧ ಮುಗಿದ 1865ರಲ್ಲಿ ಪೇಟೆ ಕುಸಿದು ಅನೇಕ ಮನೆತನಗಳು ದಿವಾಳಿಯಾದವು. ಆದರೆ ಆ ನಾಲ್ಕೈದು ವರ್ಷಗಳ ಹಣ ಈ ನಗರಕ್ಕೆ ಹೊಸ ರೂಪ ಕೊಟ್ಟುಹೋಯಿತು.

ಆ ಹತ್ತಿ ಬಂದದ್ದು ಎಲ್ಲಿಂದ? ಗುಜರಾತಿನಿಂದ, ಖಾನದೇಶ ವರ್ಹಾಡಗಳಿಂದ, ಮತ್ತು ನಮ್ಮ ಧಾರವಾಡದ ಎರೆಭೂಮಿಯಿಂದ. 1840ರ ದಶಕದಲ್ಲಿ ಸರಕಾರ ಅಲ್ಲಿ ನ್ಯೂ ಆರ್ಲಿಯನ್ಸಿನ ಬೀಜ ಬಿತ್ತಿಸಿ, ಬೀಜ ಬೇರ್ಪಡಿಸಲು ಗರಗಸದ ಹಲ್ಲಿನ ಯಂತ್ರಗಳನ್ನು ತರಿಸಿತ್ತು. 'ಸಾ ಜಿನ್ಡ್ ಧಾರವಾಡ್' ಎಂಬುದು ಮುಂಬಯಿ ಪೇಟೆಯ ಹೆಸರಾಂತ ಜಾತಿ. ಅಲ್ಲಿಯ ದೇಶೀ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದರಿಂದ ಲಿವರ್‌ಪೂಲಿನವರೆಗೂ ಅದು 'ಕುಮಟಾ' ಎಂದೇ ಹೆಸರಾಯಿತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲವೆಂಬುದು ಬೇರೆ ಮಾತು.

ಇಷ್ಟಕ್ಕೇ ಹಿಗ್ಗಿ ಸುಮ್ಮನಾಗಬಹುದಿತ್ತು. ಆದರೆ ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನಮ್ಮ ಗುಮಾಸ್ತಿಕೆಯ ಚಾಳಿ. ಗೋಪುರದ ಅಡಿಗಲ್ಲು 1869. ಮುಗಿದದ್ದು 1878ರ ನವೆಂಬರ. ಇದರ ನಡುವೆಯೇ 1876–78ರ ಮಹಾಕ್ಷಾಮ, ನಮ್ಮ ಹಿರಿಯರು ಹೇಳುತ್ತಿದ್ದ ಧಾತು–ಈಶ್ವರ ಸಂವತ್ಸರಗಳ ಬರ. ಕಲಾದಗಿ, ಧಾರವಾಡ, ಬೆಳಗಾವಿ ಜಿಲ್ಲೆಗಳು ಅದರಲ್ಲಿ ಬೆಂದುಹೋದವು. ಬೆಲೆ ಏರಿದಾಗ ಹತ್ತಿ ಕೊಟ್ಟ ನೆಲದಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದಾಗ, ಹತ್ತಿಯ ಹಣದ ಗೋಪುರ ಇಲ್ಲಿ ಗಡಿಯಾರದ ಎತ್ತರಕ್ಕೆ ಏರುತ್ತಿತ್ತು. ಗೋಪುರ ಸುಂದರವಾಗಿದೆ. ಅದನ್ನು ನೋಡುವಾಗ ಈ ಲೆಕ್ಕವೂ ನೆನಪಿರಲಿ ಎಂದು ನಮಗನಿಸಿತು.

ನೆಲದ ಕಲ್ಲು, ಮಾಡಿನ ಹಂಚು

ನಮ್ಮಲ್ಲಿ ಬಿ.ಎಸ್ಸಿ. ಓದಿದವರಿಗೆ ಕಲ್ಲು ಕಂಡರೆ ಹಳೆಯ ಪಾಠ ನೆನಪಾಗುತ್ತದೆ. ಮುಂಬಯಿಯ ಕಟ್ಟಡಗಳ ಕಪ್ಪು ಕಲ್ಲು ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನಿನ ಲಾವಾ. ಗೋಲಗುಂಬಜದ ಕಪ್ಪು ಕಲ್ಲೂ ಅದೇ ಲಾವಾದ್ದು. ಮಲಾಡಿನ ಹಳದಿ ಕಲ್ಲೂ ಬೆಂಕಿಯಿಂದ ಹುಟ್ಟಿದ್ದೇ. ನಯವಾದ ಕೆತ್ತನೆಗೆ ಮಾತ್ರ ಪೋರಬಂದರಿನ ಮೆತ್ತನೆಯ ಸುಣ್ಣಕಲ್ಲು. ಮೆತ್ತಗಿದ್ದುದರಿಂದ ಅಳಿಲಿನ ಮೀಸೆಯನ್ನೂ ಕೆತ್ತಬಹುದು. ಆದರೆ ಹೊಗೆಯಲ್ಲಿರುವ ಗಂಧಕದ ಆಮ್ಲಕ್ಕೆ ಅದೇ ಮೊದಲು ಬಲಿ. ಮೇಲ್ಮೈ ಜಿಪ್ಸಮ್ ಆಗಿ, ಮಸಿ ಹಿಡಿದು, ಸಿಪ್ಪೆಯಂತೆ ಉದುರುತ್ತದೆ. ಗಿರಣಿ ಚಿಮಣಿಗಳ ಹೊಗೆ ಈ ಊರನ್ನು ಕಟ್ಟಿತು, ಕಟ್ಟಿದ್ದನ್ನು ತಿನ್ನಲೂ ತೊಡಗಿತು.

ಕಾಲ ಕೆಳಗಿನ ಕಲ್ಲಿನ ಕತೆ ಬೇರೆ. ಹಳೆಯ ಚಾಳುಗಳ ಮೊಗಸಾಲೆಯಲ್ಲಿ, ಅಡುಗೆಮನೆಯಲ್ಲಿ ಹಾಸಿದ ಬೂದುಬಣ್ಣದ ಚಪ್ಪಡಿಗೆ ಮರಾಠಿಗರು 'ಶಹಾಬಾದಿ ಫರಶಿ' ಎನ್ನುತ್ತಾರೆ. "ಶಹಾಬಾದ್ ಅಂದ್ರ ನಮ್ಮೂರ ಬಾಜೂಕ ಅದ ರೀ" ಎಂದರು ಕಲಬುರಗಿಯ ಮಿತ್ರರು. ಲಾವಾ ಹರಿಯುವುದಕ್ಕೆ ಬಹುಕಾಲ ಮೊದಲು ಸಮುದ್ರತಳದಲ್ಲಿ ಪದರ ಪದರವಾಗಿ ಕುಳಿತ ಸುಣ್ಣದ ಕೆಸರೇ ಈ ಕಲ್ಲು. ಪದರ ಹಿಡಿದು ಏಳುವುದರಿಂದ ಹಾಸಲು ಹೇಳಿಮಾಡಿಸಿದಂತಿದೆ. 1871ರ ಹೊತ್ತಿಗೆ ಮುಂಬಯಿಯಿಂದ ಹೊರಟ ರೈಲುದಾರಿ ಕಲಬುರಗಿಯನ್ನು ದಾಟಿ ರಾಯಚೂರು ಮುಟ್ಟಿತು, ಕಲ್ಲಿಗೂ ದಾರಿಯಾಯಿತು. ಇದು ಸುಣ್ಣಕಲ್ಲೆಂದು ತಿಳಿಯಲು ಪ್ರಯೋಗಶಾಲೆ ಬೇಡ. ನಿಂಬೆಹಣ್ಣಿನ ರಸ ಚೆಲ್ಲಿದರೆ ಬಿಳಿಯ ಕಲೆ ನಿಲ್ಲುತ್ತದೆಂದು ಚಾಳಿನ ಎಲ್ಲ ತಾಯಂದಿರೂ ಬಲ್ಲರು.

ತಲೆಯ ಮೇಲೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹುಟ್ಟಿದ ಈ ಉದ್ಯಮ, ಪತ್ತೇಮಾರಿಗಳಲ್ಲಿ ಹಂಚು ಹೇರಿ ಪಶ್ಚಿಮ ಕರಾವಳಿಯನ್ನೆಲ್ಲ ಹೊದೆಸಿತು. ಗೋದಾಮೊಂದರ ಹಿಂದೆ ಬಿದ್ದಿದ್ದ ಹಂಚನ್ನು ಮಗುಚಿ ಮುದ್ರೆ ಓದಿದ ಕರಾವಳಿಯ ಮಿತ್ರರು, "ಮಾರಾಯ್ರೇ, ನಾನು ಬರುವ ಮೊದಲೇ ಇದು ಬಂದು ಕೂತಿದೆ!" ಎಂದರು.

ಗಿರಣಿಯ ಗೇಟು

ಇನ್ನು ಗಿರಣಿಗಳ ಮಾತು. ಕಾವಸಜಿ ನಾನಾಭಾಯಿ ದಾವರ್ 1854ರಲ್ಲಿ ಸ್ಥಾಪಿಸಿದ ಮೊದಲ ಹತ್ತಿಗಿರಣಿ ತಾಡದೇವದಲ್ಲಿ 1856ರಲ್ಲಿ ಕೆಲಸ ತೊಡಗಿತು. 1870ರಲ್ಲಿ 13 ಇದ್ದ ಗಿರಣಿಗಳು 1895ರ ಹೊತ್ತಿಗೆ 70 ಆದವು. ಸಮುದ್ರದ ತೇವದ ಗಾಳಿಯಲ್ಲಿ ನೂಲು ಬೇಗ ಹರಿಯುವುದಿಲ್ಲ. ಈ ಉದ್ಯಮಕ್ಕೆ ಅದೊಂದು ಅನುಕೂಲ.

ಗಿರಣಿಯ ಕಟ್ಟಡದಲ್ಲಿ ಅಲಂಕಾರ ಕಡಿಮೆ, ಬುದ್ಧಿ ಹೆಚ್ಚು. ನೂಲುವ ಯಂತ್ರಗಳನ್ನು ಅಂತಸ್ತಿನ ಮೇಲೆ ಅಂತಸ್ತಿನಲ್ಲಿ ಇಡಬಹುದು. ಮಗ್ಗಗಳ ಹೊಡೆತಕ್ಕೆ ನೆಲವೇ ಅದುರುವುದರಿಂದ ನೇಯ್ಗೆ ಖಾತೆಗೆ ಒಂದೇ ಅಂತಸ್ತಿನ ಅಗಲವಾದ ಶೆಡ್ಡು. ಅದರ ಮಾಡು ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಪ್ರತಿ ಹಲ್ಲಿನ ಉತ್ತರದ ಮುಖಕ್ಕೆ ಗಾಜು. ಉತ್ತರದಿಂದ ನೇರ ಬಿಸಿಲು ಬಾರದು, ಇಡೀ ದಿನ ಒಂದೇ ಸಮನಾದ ಬೆಳಕು ಬರುತ್ತದೆ. ಹರಿದ ಎಳೆ ಕಣ್ಣಿಗೆ ಬೀಳುತ್ತದೆ.

ನಮ್ಮ ಉತ್ತರ ಕರ್ನಾಟಕದ ಮಿತ್ರರ ತಂದೆ ಅಂಥದೊಂದು ಶೆಡ್ಡಿನಲ್ಲಿ ಕೆಲಸ ಮಾಡಿದವರು. ಗದಗಿನ ಕಡೆಯ ಹತ್ತಿ ಬೆಳೆಯುವ ಮನೆಯಿಂದ ಬಂದು ಮೊದಲು ಬದಲಿ ಕಾಮಗಾರ, ಅನಂತರ ಕಾಯಂ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾಮಗಾರರು ಮುಷ್ಕರ ಹೂಡಿದಾಗ ಅವರೂ ಹೊರಬಂದರು. ಮುಷ್ಕರ ಮುಗಿಯಿತೆಂದು ಯಾರೂ ಹೇಳಲಿಲ್ಲ. ಅವರೂ ಮರಳಿ ಒಳಗೆ ಹೋಗಲಿಲ್ಲ. ಕಾವಲುಗಾರನ ಕೆಲಸ ಮಾಡಿ ಮಗನನ್ನು ಓದಿಸಿದರು. ಕಾಮಗಾರರು ಹೊರಗೆ ನಿಂತಿದ್ದಂತೆಯೇ ನೆಲಕ್ಕೆ ಬೆಲೆ ಬಂತು. ಗಿರಣಿ ಮಾರಿದರೆ ಜಾಗದ ಮೂರರಲ್ಲೊಂದು ಪಾಲು ನಗರದ ಬಯಲಿಗೆ, ಇನ್ನೊಂದು ಪಾಲು ವಸತಿಗೆ ಎಂದಿದ್ದ 1991ರ ನಿಯಮ 2001ರ ತಿದ್ದುಪಡಿಯಲ್ಲಿ ಖಾಲಿ ನೆಲಕ್ಕಷ್ಟೇ ಸೀಮಿತವಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಮುಂದಿನದು ಎಲ್ಲರೂ ಬಲ್ಲದ್ದೇ. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಚಿಮಣಿ ಇಂದು ಮಾಲಿನ ನಡುವೆ ಗುರುತಿಗೆಂದು ನಿಂತಿದೆ.

ಒಂದು ರವಿವಾರ ಮಿತ್ರರ ತಂದೆ ದುಡಿದ ಗಿರಣಿಯನ್ನು ಹುಡುಕಿಕೊಂಡು ಹೋದೆವು. ಉಳಿದದ್ದು ಗೇಟು ಮತ್ತು ಅದರ ಕಲ್ಲಿನ ಕಮಾನು. ಒಳಗೆ ಗಾಜಿನ ಗೋಪುರಗಳು. ಕಮಾನಿನ ಮೇಲೆ ಕೆತ್ತಿದ ಹತ್ತಿಯ ಕಾಯಿಯೊಂದಿದೆ. ನಾಲ್ಕು ಎಸಳಾಗಿ ಬಿರಿದು ಅರಳೆ ತೋರಿಸುತ್ತಿದೆ. ಮಿತ್ರರು ಬಹಳ ಹೊತ್ತು ಅದನ್ನೇ ನೋಡಿದರು. "ಅಪ್ಪ ಇಪ್ಪತ್ತು ವರ್ಷ ಇದರ ಕೆಳಗ ಹಾದು ಹೋದ್ರು. ನಮ್ಮ ಹೊಲದಾಗಿನದ ಇಲ್ಲೂ ಅದ ಅಂತ ಒಂದ ದಿನಾನೂ ಹೇಳಲಿಲ್ಲ. ಭೋಂಗಾ ಆಗೋದರಾಗ ಒಳಗ ಹೋಗಬೇಕಿತ್ತು, ನೋಡ್ಲಿಕ್ಕೆ ವ್ಯಾಳ್ಯಾ ಎಲ್ಲಿತ್ತು?" ಎಂದರು. ಕಾವಲುಗಾರ ಬಂದು ಫೋಟೋ ತೆಗೆಯಬೇಡಿ ಎಂದ. ನಾವು ತೆಗೆಯಲಿಲ್ಲ.

ಅವರು ಬೆಳೆದ ಚಾಳು ಅಲ್ಲಿಂದ ಹತ್ತು ನಿಮಿಷದ ದಾರಿ. ಅದನ್ನು ಆಗಲೇ ಕೆಡವಲು ಖಾಲಿ ಮಾಡಿಸಿದ್ದರು. ಮಳೆ ಸೋರುವ ಮಾಡು, ಇಡೀ ಮಹಡಿಗೆ ಸಾಲುಸಾಲು ಶೌಚಾಲಯ. ಅದು ಹಾಗೇ ಉಳಿಯಬೇಕೆಂದು ಹೇಳುವ ಅಧಿಕಾರ ಅಲ್ಲಿ ಬಾಳದ ನಮಗಿಲ್ಲ. ಮಿತ್ರರ ತಾಯಿಗೆ ಹದಿನಾಲ್ಕನೆಯ ಮಹಡಿಯಲ್ಲಿ ಮನೆ ಸಿಕ್ಕಿದೆ. ಶೌಚಾಲಯ ಒಳಗೇ ಇದೆ ಎಂದು ಅವರಿಗೆ ಸಂತೋಷವೇ. ಕೇಳಿದ್ದು ಒಂದೇ: "ಬ್ಯಾಸಗ್ಯಾಗ ಮಲಗತಿದ್ದ ಆ ಕಲ್ಲ ಒಂದರೆ ತಂದ ಕೊಡು." ಗುತ್ತಿಗೆದಾರನ ಆಳಿಗೆ ಇನ್ನೂರು ರೂಪಾಯಿ ಕೊಟ್ಟು ಒಂದು ಶಹಾಬಾದಿ ಚಪ್ಪಡಿ ಎಬ್ಬಿಸಿದೆವು. ಚೌಕಾಬಾರದ ಮನೆಗಳನ್ನು ಗೀಚಿದ್ದ ಕಲ್ಲು. ನಾಲ್ವರೂ ಸೇರಿ ಟೆಂಪೋಗೆ ಹೇರಿದೆವು. ಈಗ ಅದು ಅವರ ಗ್ಯಾಲರಿಯಲ್ಲಿದೆ, ಮೇಲೆ ತುಳಸಿಯ ಕುಂಡ.

ಹುಡುಗಿಗೆ ಉತ್ತರ

1995ರಲ್ಲಿ ಮುಂಬಯಿಯಲ್ಲಿ ಪರಂಪರೆಯ ಕಟ್ಟಡಗಳ ರಕ್ಷಣೆಗೆ ನಿಯಮಗಳು ಬಂದವು. ದೇಶದಲ್ಲಿಯೇ ಅವು ಮೊದಲನೆಯವು. 2018ರಲ್ಲಿ ಓವಲ್ ಮೈದಾನದ ಸುತ್ತಲಿನ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಮೂಹ ವಿಶ್ವಪರಂಪರೆಗೆ ಸೇರಿತು. ಗೋಪುರಗಳಿಗೆ ಕಾವಲಿದೆ. ಗೇಟಿನ ಮೇಲಿನ ಹತ್ತಿಯ ಕಾಯಿಗೆ, ಚಾಳಿನ ಚಪ್ಪಡಿಗೆ, ಹಂಚಿನ ಮುದ್ರೆಗೆ ಇಲ್ಲ. ಅವನ್ನು ನೋಡಿದವರು ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ವರ್ಷದ ಶಿಬಿರದಲ್ಲಿ ಆ ಹುಡುಗಿಗೆ ಏನು ಹೇಳಬೇಕೆಂದು ನಾವು ಯೋಚಿಸಿದ್ದೇವೆ. ಈ ನಗರ ನಮ್ಮದೆಂದು ಎದೆ ತಟ್ಟಿಕೊಳ್ಳುವುದು ಸಲ್ಲದು. ಕೊಂಕಣದವರು, ಗುಜರಾತಿಗಳು, ಪಾರ್ಸಿಗಳು, ತೆಲುಗರು ಎಲ್ಲರ ಬೆವರೂ ಇದರಲ್ಲಿದೆ. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮವರ ಬಾಳೂ ಸಣ್ಣದಲ್ಲ. ಆದರೆ ಇಲ್ಲಿ ನಾವು ಬರಿಗೈಯಲ್ಲಿ ಬಂದ ನೆಂಟರೂ ಅಲ್ಲ. ನಮಗಿಂತ ಮೊದಲೇ ನಮ್ಮ ಹೊಲದ ಹತ್ತಿ, ನಮ್ಮ ನೆಲದ ಕಲ್ಲು, ನಮ್ಮ ಕಡಲತಡಿಯ ಹಂಚು, ನಮ್ಮ ವಿಜಾಪುರದ ಗುಮ್ಮಟ ಬಂದು ಈ ಊರಿನಲ್ಲಿ ಕೆಲಸಕ್ಕೆ ಸೇರಿದ್ದವು. ಇಷ್ಟು ಹೇಳಿ, ಉಳಿದದ್ದನ್ನು ಕರೆದೊಯ್ದು ತೋರಿಸಬೇಕೆಂದಿದ್ದೇವೆ.

ಅದಕ್ಕಾಗಿ ಸಂಘದ ಬಂಧುಗಳಲ್ಲಿ ಒಂದು ವಿನಂತಿ. ಪ್ರತಿ ತಿಂಗಳ ಎರಡನೆಯ ರವಿವಾರ ಬೆಳಿಗ್ಗೆ ಎಂಟಕ್ಕೆ ನಾವು ಜಿ.ಪಿ.ಒ. ಎದುರು ಸೇರುತ್ತೇವೆ. ಮಕ್ಕಳನ್ನು ಕರೆತನ್ನಿ. ಗಿರಣಿಯ ಪಾಸು, ಪಗಾರದ ಚೀಟಿ, ಚಾಳಿನ ಬಾಡಿಗೆ ಪಾವತಿ, ಹಳೆಯ ಫೋಟೋ ಮನೆಯಲ್ಲಿದ್ದರೆ ರದ್ದಿಗೆ ಹಾಕುವ ಮೊದಲು ಸಂಘದ ಕಚೇರಿಗೆ ತಿಳಿಸಿ. ನಕಲು ಮಾಡಿಕೊಂಡು ಮರಳಿಸುತ್ತೇವೆ. ನೀರಿನ ಬಾಟಲಿ ಜೊತೆಗಿರಲಿ. ತಲೆಯೆತ್ತಿ ನಡೆಯುವಾಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿರುವುದು ಒಳ್ಳೆಯದು. ಫುಟ್‌ಪಾತಿನ ಕಲ್ಲುಗಳು ಇನ್ನೂ ಒಡೆದೇ ಇವೆ.